ಡಿ-ಡೈಮರ್ 410 ಇದ್ದದ್ದು 980 ಆಗೇತಿ, ಗಂಧಿ ಮಾತ್ರ ಕಡಿಮಿ ಆಗ್ಯಾವು. ರಿಪೋರ್ಟ್ ನಂಬಲ್ಯೋ, ಮೈ ನಂಬಲ್ಯೋ?

ಜಮಖಂಡಿ_ಅಕ್ಕೋರು
ಎಲ್ಲಾರಿಗೂ ನಮಸ್ಕಾರ್ರಿ. ಜಮಖಂಡಿ ಹತ್ರ ಕನ್ನಡ ಸಾಲಿ ಟೀಚರ್ ನಾನು, ವಯಸ್ಸು 38. ಹೋದ ವರ್ಷ ಶ್ರಾವಣದಾಗ ಮೈಮ್ಯಾಲ ಪಿತ್ತದ ಗಂಧಿ ಏಳಾಕ ಶುರು ಆದ್ವು, ಇನ್ನೂ ನಿಂತಿಲ್ಲ. ಸಂಜಿಮುಂದ ಏಳತಾವು, ಅರ್ಧ ರಾತ್ರಿತನಕ ತಿಂಡಿ, ಮುಂಜಾನೆ ನೋಡಿದ್ರ ಮೈ ಸಾಫ್. ಸಾಲ್ಯಾಗ ಹೇಳಿದ್ರ "ಎಲ್ಲೈತ್ರಿ ಅಕ್ಕಾರ, ಆರಾಮ ಅದೀರಲ್ಲ" ಅಂತಾರ. ತೋರಸಾಕ ಆ ಹೊತ್ತಿಗೆ ಒಂದೂ ಇರೂದಿಲ್ಲ.

ಆರು ವಾರ ದಾಟೇತಿ, ಹಂಗಾಗಿ ಇದು ಕ್ರಾನಿಕ್ ಅರ್ಟಿಕೇರಿಯಾ ಅಂತ ಚರ್ಮದ ಡಾಕ್ಟರ್ ಹೇಳ್ಯಾರ. ಫೆಬ್ರುವರಿಯಾಗ ಊರಾಗಿನ ಲ್ಯಾಬಿಗೆ ರಕ್ತ ಕೊಟ್ಟಾಗ ಡಿ-ಡೈಮರ್ 410 ಬಂದಿತ್ತು. ಹೋದ ವಾರ ಬೆಳಗಾವಿಗೆ ಲಗ್ನಕ್ಕ ಹೋದಾಕಿ ಅಲ್ಲೇ ಕೊಟ್ಟು ಬಂದೆ. ಈಗ 980! ಜೊತಿಗೆ ಉರಿಯೂತ ತೋರಸೂ ಸಿಆರ್‌ಪಿ 14, ಅಲರ್ಜಿ ಪ್ರತಿಕಾಯ ಒಟ್ಟು ಐಜಿಇ 22, ಥೈರಾಯ್ಡಿನ ಮ್ಯಾಲ ಏಳೂ ಪ್ರತಿಕಾಯ ಆಂಟಿ-ಟಿಪಿಒ ಭಾಳ ಜಾಸ್ತಿ, ಬಿಳಿ ರಕ್ತಕಣದ ಒಂದು ಜಾತಿ ಇಯೊಸಿನೊಫಿಲ್ ಸೊನ್ನೆ. ಡಾಕ್ಟರ್ ಸಿಗೂದು ಮುಂದಿನ ಸೋಮವಾರ. ಮೊಬೈಲಿನ್ಯಾಗ ಹುಡುಕಿದ್ರ "ಡಿ-ಡೈಮರ್ ಏರಿದ್ರ ರೋಗ ತೀವ್ರ ಆಗೇತಿ" ಅಂತ ಬರತೈತಿ. ಆದ್ರ ಈ ವಾರ ಗಂಧಿ ಮೊದಲಿಗಿಂತ ಕಡಿಮಿ. ಯಾವುದು ಖರೆ? ತಿಳದವ್ರು ಹೇಳ್ರಿ.

ಇನ್ನೊಂದು. ಸ್ಟಾಫ್ ರೂಮಿನ್ಯಾಗ "ನಂದು ಸಿಆರ್‌ಪಿ ಜಾಸ್ತಿ ಆಗೇತ್ರಿ" ಅಂದ್ರ ಹೆಡ್ ಮಾಸ್ತರ್ರು "ಇರೋ ಒಬ್ರು ಸಿಆರ್‌ಪಿನ ತಡಕೊಳ್ಳಾಕ ಆಗವಲ್ದು, ಮತ್ತೊಬ್ರನ್ನ ಯಾಕ ಹಾಕ್ಯಾರ?" ಅಂದ್ರು. (ಸಾಲ್ಯಾಗ ಸಿಆರ್‌ಪಿ ಅಂದ್ರ ನಮ್ಮ ಸಾಲಿಗೆ ಬಂದು ನೋಡೂ ಕ್ಲಸ್ಟರ್ ರಿಸೋರ್ಸ್ ಪರ್ಸನ್.)

ರಬಕವಿ_ಮಗ್ಗ
ಹ್ಹಹ್ಹ ಕ್ಲಸ್ಟರ್ ಸಿಆರ್‌ಪಿ ಇಳಸಾಕ ಇನ್ನೂ ಗುಳಿಗಿ ಬಂದಿಲ್ರಿ ಅಕ್ಕಾರ.

ಗೋಳಗುಮ್ಮಟ_ಕಾಕಾ
ತಂಗಿ, ರಕ್ತ ಗಿಕ್ತ ಬಿಡವ್ವ. ನಮ್ಮವ್ವ ಕರೀ ಕಂಬಳಿ ತಗೊಂಡು ಮೈಯೆಲ್ಲಾ ಉಜ್ಜಿ, ಅದನ್ನ ಹೊಚ್ಚಿ ಮಲಗಸ್ತಿದ್ಲು. ಮುಂಜಾನಿ ಅನ್ನೋದ್ರಾಗ ಗಂಧಿ ಮಾಯ. ಈಗಿನವ್ರಿಗೆ ಎಲ್ಲಾದಕ್ಕೂ ನಂಬರ್ ಬೇಕು.

ಲ್ಯಾಬ್_ಹುಡುಗ_ಇಂಡಿ
ಕಾಕಾ, ಅಕ್ಕೋರು ಹೇಳ್ಯಾರಲ್ಲ, ಉಜ್ಜದಿದ್ರೂ ಮುಂಜಾನಿ ಮಾಯ ಆಗ್ತಾವಂತ. ಒಂದು ಗಂಧಿ 24 ತಾಸಿನೊಳಗ ತಾನ ಇಳೀತದ, ಈ ರೋಗದ ಗುಣಾನ ಅದು. ಕಂಬಳಿಗೆ ಪುಕ್ಕಟ ಹೆಸರು ಬಂತು.

ಗೋಳಗುಮ್ಮಟ_ಕಾಕಾ
ಪುಕ್ಕಟ ಅಲ್ಲೋ ತಮ್ಮಾ, ಆ ಕಂಬಳಿಗೆ ರೊಕ್ಕಾ ಕೊಟ್ಟಿದ್ವಿ.

ಸಿಂದಗಿ_ಸಾವ್ಕಾರ
ಅಕ್ಕಾರ, ಡಿ-ಡೈಮರ್ ಹಗರ ತಗೋಬ್ಯಾಡ್ರಿ. ನಮ್ಮ ಮನಿಯಾಕಿಗೆ ಮೂರು ವರ್ಷದಿಂದ ಇದ ಅದ. ಒಂದೇ ಲ್ಯಾಬಿನಾಗ ಮೂರು ಸಲ ಮಾಡ್ಸೀನಿ. ಗಂಧಿ ಜೋರಿದ್ದಾಗ ಏರ್ಯದ, ಇಳದಾಗ ಇಳದದ, ಮತ್ತ ಎದ್ದಾಗ ಮತ್ತ ಏರ್ಯದ. ಕಣ್ಣಾರೆ ನೋಡೀನಿ. 980 ಅಂದ್ರ ಒಳಗ ಏನೋ ನಡದದ, ಇವತ್ತಿಲ್ಲ ನಾಳೆ ಮೈಮ್ಯಾಲ ಬರ್ತದ. ಸೋಮವಾರತನಾ ಕುಂದ್ರಬ್ಯಾಡ್ರಿ, ಸೀದಾ ಮೀರಜ್‌ಗೆ ಹೋಗ್ರಿ.

ತಿಲಕವಾಡಿ_ತಾಯಿ
ಅಯ್ಯ, ಕೋವಿಡ್ ಟೈಮಿನ್ಯಾಗ ಡಿ-ಡೈಮರ್ ಜಾಸ್ತಿ ಅಂದ್ರ ರಕ್ತ ಹೆಪ್ಪಗಟ್ಟೇತಿ ಅಂತಿದ್ರಲ್ಲ! ಅದನ್ನೊಂದು ಕೇಳ್ರಿ ಅಕ್ಕಾ, ನನಗ ಹೆದರಿಕಿ ಆತು. ನನ್ನ ಮಗಳಿಗೂ ಪಿತ್ತ ಏಳತಾವು. ನಾವಂತೂ ಆಮಸೋಲ (ಕೋಕಂ) ನೆನೆಹಾಕಿ ನೀರು ಕುಡಸ್ತೇವಿ, ತಂಪ ಅನಸತೈತಿ.

ಚರ್ಮದ_ಪಿಜಿ
ಬೆಳಗಾವಿಯಲ್ಲಿ ಚರ್ಮರೋಗ ವಿಭಾಗದಲ್ಲಿ ಓದ್ತಾ ಇದ್ದೀನಿ. ನಿಮ್ಮನ್ನ ನೋಡದೆ ನಿಮ್ಮ ರೋಗದ ಬಗ್ಗೆ ತೀರ್ಪು ಕೊಡಾಂಗಿಲ್ಲ, ಆದ್ರೆ ಈ ಪರೀಕ್ಷೆಗಳು ಏನು ಅಂತ ಹೇಳಬಹುದು.

ಮೊದಲು ಹೆದರಿಕೆ ತೆಗೀರಿ. ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಅನ್ನೋ ಎಳೆ ಹುಟ್ತದ. ದೇಹ ಅದನ್ನ ಕರಗಿಸಿದಾಗ ಉಳಿಯೋ ತುಂಡೇ ಡಿ-ಡೈಮರ್. ಗಂಧೆಯಲ್ಲಿ ಚರ್ಮದ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಬಿಡ್ತಾವ, ಸಣ್ಣ ರಕ್ತನಾಳ ಸೋರ್ತಾವ. ಅಲ್ಲಿಗೆ ಬಂದ ಇಯೊಸಿನೊಫಿಲ್‌ಗಳು ಹೆಪ್ಪುಗಟ್ಟಿಸೋ ಸರಪಳಿಗೂ ಕಿಡಿ ಹಚ್ಚತಾವ. ಎಳೆ ಹುಟ್ಟೋದು, ಕರಗೋದು ಎರಡೂ ನಡೀತಿರ್ತದ, ಆದ್ರೆ ಸಾಮಾನ್ಯವಾಗಿ ಕಾಲಿನಾಗೋ ಶ್ವಾಸಕೋಶದಾಗೋ ಗಡ್ಡೆ ಕಟ್ಟೋದಿಲ್ಲ. ಒಂದೇ ಕಾಲು ಬಾತು ನೋಯ್ತಿದ್ರೆ, ಉಸಿರಿಗೆ ತ್ರಾಸ ಇದ್ರೆ ಆ ಮಾತು ಬೇರೆ.

ಸಾವ್ಕಾರರು ಹೇಳಿದ್ದು ಸುಳ್ಳಲ್ಲ. ರೋಗಿಗಳ ಗುಂಪು ತಗೊಂಡು ನೋಡಿದಾಗ ತೀವ್ರ ಇದ್ದವರಲ್ಲಿ ಡಿ-ಡೈಮರ್, ಸಿಆರ್‌ಪಿ, ಐಎಲ್-6 (ಇದೂ ಉರಿಯೂತದ ಗುರುತೇ) ಮೂರೂ ಹೆಚ್ಚಿರೋ ಕಡೆ ವಾಲ್ತಾವ. ಆದ್ರೆ ಗುಂಪಿನ ಮಾತು ಬೇರೆ, ಒಬ್ಬ ಮನುಷ್ಯನ ಮಾತು ಬೇರೆ. ಮೈ ತುಂಬ ಗಂಧೆ ಇದ್ದೂ ಡಿ-ಡೈಮರ್ ನಾರ್ಮಲ್ ಇರೋರು ಬೇಕಾದಷ್ಟು ಜನ. ಬಸುರಿ, ಬಾಣಂತಿ, ಸೋಂಕು, ಆಪರೇಷನ್, ಬರೇ ವಯಸ್ಸಾದದ್ದು, ಯಾವುದಕ್ಕಾದ್ರೂ ಅದು ಏರ್ತದ.

ರಬಕವಿ_ಮಗ್ಗ
ಅಂದ್ರ ಡಿ-ಡೈಮರ್ ನಮ್ಮ ಮಗ್ಗದ ಬುಡಕ್ಕ ಬೀಳೋ ನೂಲಿನ ಚೂರು ಇದ್ದಂಗ. ಚೂರು ಭಾಳ ಬಿದ್ದಾವು ಅಂದ್ರ ಮಗ್ಗ ಜೋರ್ ನಡದೈತಿ ಅಂತಾನೂ ಆಗಬಹುದು, ನೂಲ ಕಳಪೆ ಐತಿ ಅಂತಾನೂ ಆಗಬಹುದು, ಬಾಜೂ ಮಗ್ಗದ ಚೂರು ಗಾಳಿಗಿ ಹಾರಿ ಬಂದಾವು ಅಂತಾನೂ ಆಗಬಹುದು. ಸೀರಿ ಎಷ್ಟ ಆದ್ವು ಅಂತ ತಿಳೀಬೇಕಂದ್ರ ಸೀರೀನ ಎಣಿಸಬೇಕು.

ಚರ್ಮದ_ಪಿಜಿ
ಇದನ್ನ ನಾನು ಸೆಮಿನಾರ್‌ನಾಗ ಕದಿಯೋನೇ.

ಮೈಸೂರಿಂದ_ನವನಗರಕ್ಕೆ
ಕ್ಷಮಿಸಿ, ಒಂದು ಅನುಮಾನ. ಮೇಡಂ "ಅರ್ಧ ರಾತ್ರಿತನಕ ತಿಂಡಿ" ಅಂತ ಬರ್ದಿದ್ದಾರೆ. ರಾತ್ರಿ ಹೊತ್ತು ಅಷ್ಟು ತಿಂಡಿ ತಿಂದರೆ ಪಿತ್ತ ಆಗದೆ ಇನ್ನೇನಾಗುತ್ತೆ?

ರಬಕವಿ_ಮಗ್ಗ
😂😂 ಅಣ್ಣಾರ, ತಿಂಡಿ ಅಂದ್ರ ಇಲ್ಲಿ ತುರಿಕಿ! ನೀವು ತಿನ್ನೂದು ನಾಷ್ಟಾ. ನಮ್ಮ ಕಡೆ ಯಾರ ಮನ್ಯಾಗೂ "ತಿಂಡಿ ಆಯ್ತಾ" ಅಂತ ಕೇಳಬ್ಯಾಡ್ರಿ, ಮುಲಾಮು ತಂದು ಕೊಟ್ಟಾರು.

ಮೈಸೂರಿಂದ_ನವನಗರಕ್ಕೆ
ಬ್ಯಾಂಕಿನಲ್ಲಿ ಎರಡು ವರ್ಷದಿಂದ ಕೇಳ್ತಾ ಇದ್ದೀನಿ ಕಣ್ರೀ ಎಲ್ಲರನ್ನೂ!! ಯಾರೂ ಹೇಳಲಿಲ್ಲವಲ್ಲ.

ಲ್ಯಾಬ್_ಹುಡುಗ_ಇಂಡಿ
ಅಕ್ಕಾರ, ನಂದೊಂದು ಸಾದಾ ಪ್ರಶ್ನಿ. ಎರಡೂ ರಿಪೋರ್ಟಿನಾಗ ಡಿ-ಡೈಮರ್ ಅಂಕಿ ಮುಂದ ಯುನಿಟ್ ಏನು ಬರದದ? ಬಾಜೂಕ ನಾರ್ಮಲ್ ಎಷ್ಟರೊಳಗ ಅಂತದ? ಬರೇ 410, 980 ಅಂದ್ರ ನಾ ಏನೂ ಹೇಳಾಂಗಿಲ್ಲ.

ಸಿಂದಗಿ_ಸಾವ್ಕಾರ
ಯುನಿಟ್ ಯಾವದಾದ್ರೇನಪಾ, ಎರಡು ಪಟ್ಟು ಅಂದ್ರ ಎರಡು ಪಟ್ಟ.

ಲ್ಯಾಬ್_ಹುಡುಗ_ಇಂಡಿ
ಹಂಗಿಲ್ರಿ ಸಾವ್ಕಾರ್ರ. ನೀವು ತೊಗರಿ ಮಾರುಮುಂದ ಕ್ವಿಂಟಲ್ಲೋ ಚೀಲೋ ಅಂತ ಕೇಳೂದಿಲ್ಲೇನು?

ಜಮಖಂಡಿ_ಅಕ್ಕೋರು
ಈಗ ತಗದು ನೋಡಿದೆ. ಹಳೇದ್ರಾಗ ನ್ಯಾನೊಗ್ರಾಂ ಪರ್ ಎಂಎಲ್, ಮುಂದ ಸಣ್ಣಕ್ಷರದಾಗ ಡಿಡಿಯು. ನಾರ್ಮಲ್ 250ರ ಒಳಗ. ಹೊಸಾದ್ರಾಗ ಅದ ನ್ಯಾನೊಗ್ರಾಂ, ಮುಂದ ಎಫ್‌ಇಯು. ನಾರ್ಮಲ್ 500ರ ಒಳಗ. ಇವೇನ್ರಿ?

ಲ್ಯಾಬ್_ಹುಡುಗ_ಇಂಡಿ
ಸಿಕ್ತು ನೋಡ್ರಿ ಕಳ್ಳ!

ಡಿ-ಡೈಮರ್ ಅಳ್ಯಾಕ ಎರಡು ಮಾಪ ಅವ. ಡಿಡಿಯು ಅಂದ್ರ ಬರೇ ಆ ತುಂಡಿನ ತೂಕ. ಎಫ್‌ಇಯು ಅಂದ್ರ ಆ ತುಂಡು ಬಂದ ಮೂಲ ಫೈಬ್ರಿನೊಜೆನ್ ಲೆಕ್ಕದಾಗ. ಅದ ರಕ್ತ, ಅದ ಮನಿಷ್ಯಾ, ಆದ್ರ ಎಫ್‌ಇಯು ಅಂಕಿ ಹೆಚ್ಚುಕಡಿಮಿ ಎರಡು ಪಟ್ಟು ಬರ್ತದ. ಅದಕ್ಕ ಒಂದ್ರಾಗ ಗಡಿ 250, ಇನ್ನೊಂದ್ರಾಗ 500. ನಿಮ್ಮ ಹಳೇ 410 ಅಂದ್ರ ಹೊಸ ಮಾಪದಾಗ 820ರ ಆಜೂಬಾಜೂ. 820 ಎಲ್ಲಿ, 980 ಎಲ್ಲಿ? ಲ್ಯಾಬ್ ಬ್ಯಾರೆ, ಮಶಿನ್ ಬ್ಯಾರೆ ಅಂದ್ರ ಇಷ್ಟು ಫರಕು ಬಂದೇ ಬರ್ತದ. ಏರಿದ್ದು ಅಂಕಿ, ರೋಗ ಅಲ್ಲ. ಫೆಬ್ರುವರಿಯಾಗೂ ನಿಮ್ಮದು ಗಡಿ ದಾಟೇ ಇತ್ತು, ನೋಡಿರಲಿಲ್ಲ ಅಷ್ಟ.

ಸಿಆರ್‌ಪಿಗೂ ಇದ ಹಣೆಬರಹ. ಕೆಲವು ಕಡೆ ಮಿಲಿಗ್ರಾಂ ಪರ್ ಲೀಟರ್, ಕೆಲವು ಕಡೆ ಡೆಸಿಲೀಟರ್. ನಡುವ ಹತ್ತು ಪಟ್ಟು ಫರಕು. ಕೌಂಟರಿನಾಗ ಜನ ಅಳೂದು ನೋಡೀನಿ.

ಜಮಖಂಡಿ_ಅಕ್ಕೋರು
ಅಯ್ಯೋ ದೇವ್ರ. ಹುಡುಗರಿಗೆ "ಏಕಮಾನ ಬರೀಲಿಲ್ಲಂದ್ರ ಅರ್ಧ ಮಾರ್ಕ್ಸ್ ಕಟ್" ಅಂತ ಹದಿನೈದು ವರ್ಷದಿಂದ ಹೇಳಾಕತ್ತೀನಿ. ನಂದ ನಾ ನೋಡ್ಲಿಲ್ಲ.

ತಿಲಕವಾಡಿ_ತಾಯಿ
ಸದ್ಯ! ಸಾವಿರ ನಮಸ್ಕಾರ ಆ ಲ್ಯಾಬ್ ಹುಡುಗಗ.

ಸಿಂದಗಿ_ಸಾವ್ಕಾರ
ಒಪ್ಪಿದೆ, ಆ ಲೆಕ್ಕದಾಗ ನಂದು ತಪ್ಪು. ಆದ್ರ ನನ್ನ ಮಾತು ಪೂರ್ತಿ ಬಿದ್ದಿಲ್ಲ. ನಮ್ಮದು ಒಂದೇ ಲ್ಯಾಬ್, ಒಂದೇ ಯುನಿಟ್, ಅದಕ್ಕೇನಂತೀರಿ?

ಚರ್ಮದ_ಪಿಜಿ
ಅದಕ್ಕೆ ಬೆಲೆ ಇದೆ ಸರ್. ಒಬ್ಬರದೇ ರಕ್ತ, ಒಂದೇ ಲ್ಯಾಬ್, ಮತ್ತೆ ಮತ್ತೆ ಏರಿಳಿತ ಅಂದ್ರೆ ಒಂದು ಸುಳಿವು ಅಂತ ಇಟ್ಕೋಬಹುದು. ಆದ್ರೆ ಗಂಧೆ ಜೋರಾಗಿದೆ ಅಂತ ನಿಮ್ಮ ಮನೆಯವರಿಗೆ ಮೊದಲು ಹೇಳಿದ್ದು ರಿಪೋರ್ಟಾ, ಮೈಯಾ?

ಸಿಂದಗಿ_ಸಾವ್ಕಾರ
ಮೈನ ಹೇಳ್ತು. ಜೋರಾದ ಮ್ಯಾಲೇ ಲ್ಯಾಬಿಗಿ ಓಡೀವಿ. ಹೂಂ.

ಚರ್ಮದ_ಪಿಜಿ
ಅಷ್ಟೇ ನಾನು ಹೇಳಬೇಕಂದದ್ದು. ಈಗ ಅಕ್ಕಾರಿಗೆ ಎರಡು ಪ್ರಶ್ನೆ. ಸಿಆರ್‌ಪಿ 14 ಅಂದ್ರೆ ಮೈಯಾಗ ಬೇರೆ ಎಲ್ಲಾದರೂ ಬಾವು, ಜ್ವರ, ಕೆಮ್ಮು ಇತ್ತಾ? ಮತ್ತೆ ಇಯೊಸಿನೊಫಿಲ್ ಸೊನ್ನೆ ನೋಡಿ ಕೇಳ್ತಿದ್ದೀನಿ, ರಕ್ತ ಕೊಡೋ ಮುಂಚೆ ಯಾರಾದ್ರೂ ಸೂಜಿ ಹಾಕಿದ್ರಾ?

ಜಮಖಂಡಿ_ಅಕ್ಕೋರು
ಎರಡೂ ಹೌದ್ರಿ!! ಹಿಂದಿನ ವಾರ ದವಡಿ ಹಲ್ಲು ನೋವು, ಕೆನ್ನಿ ಬಾತಿತ್ತು. ಮೆಡಿಕಲ್ ಅಂಗಡ್ಯಾಗ ನೋವಿನ ಗುಳಿಗಿ ತಗೊಂಡು ನುಂಗಿದೆ. ಅವತ್ತ ರಾತ್ರಿ ಗಂಧಿ ಎಂದೂ ಎದ್ದಿರಲಿಲ್ಲ ಹಂಗ ಎದ್ದು ತುಟಿ ಸುದ್ದಾ ಬಾತ್ವು. ಊರ ಡಾಕ್ಟರ್ ಕಡೆ ಹೋದ್ರ ಒಂದು ಸೂಜಿ ಮಾಡಿ ಐದು ದಿನದ ಸಣ್ಣ ಬಿಳೀ ಗುಳಿಗಿ ಕೊಟ್ರು. ಮರುದಿನಾನ ಎಲ್ಲಾ ಕ್ಲೀನ್. ನಾಕನೇ ದಿನಕ್ಕ ಬೆಳಗಾವಿಯಾಗ ರಕ್ತ ಕೊಟ್ಟೆ. ಹಲ್ಲಿಗೂ ಗಂಧಿಗೂ ಏನು ಸಂಬಂಧ ಅಂತ ಬರದಿರಲಿಲ್ಲ.

ಚರ್ಮದ_ಪಿಜಿ
ಆ ಬಿಳೀ ಗುಳಿಗಿ ಯಾವುದು ಅಂತ ಚೀಟಿ ನೋಡಿ. ಬಹುಶಃ ಸ್ಟಿರಾಯ್ಡ್. ಹೌದಾದ್ರೆ ಕಥೆ ಹಿಂಗಾಗ್ತದ:

ಇಯೊಸಿನೊಫಿಲ್ ಸೊನ್ನೆ. ಸ್ಟಿರಾಯ್ಡ್ ಹೊಟ್ಟೆಗೆ ಬಿದ್ರೆ ಇಯೊಸಿನೊಫಿಲ್ ರಕ್ತದಿಂದ ಕಾಣೆಯಾಗ್ತಾವ. ಔಷಧ ಇಲ್ಲದಾಗ ಇಯೊಸಿನೊಫಿಲ್, ಬೇಸೊಫಿಲ್ (ಇನ್ನೊಂದು ಜಾತಿ ಬಿಳಿ ರಕ್ತಕಣ) ಕಡಿಮೆ ಇದ್ರೆ ಅದು ರೋಗ ಜೋರಿರೋ ಸೂಚನೆ, ಸಾದಾ ಅಲರ್ಜಿ ಗುಳಿಗೆಗೆ ಜಗ್ಗೋದು ಕಷ್ಟ ಅನ್ನೋದಕ್ಕೆ ಆಧಾರ ಇದೆ. ಆದ್ರೆ ನಿಮ್ಮ ಸೊನ್ನೆಯಿಂದ ಅದನ್ನ ಹೇಳೋಕೆ ಬರಾಂಗಿಲ್ಲ. ಉಲ್ಟಾ ಕೇಸೂ ಇದೆ: ಹೊಟ್ಟೇಲಿ ಜಂತುಹುಳ ಇದ್ರೆ ಅವು ಏರ್ತಾವ.

ಸಿಆರ್‌ಪಿ 14. ಹಲ್ಲಿನ ಬಾವೇ ಸಾಕು ಅದಕ್ಕೆ. ಡಿ-ಡೈಮರ್‌ನಲ್ಲೂ ಹಲ್ಲಿನ ಪಾಲು ಇರಬಹುದು.

ಇನ್ನೊಂದು ಮಾತು, ನಿಮಗೆ ಬೇಸರ ಆಗಬಹುದು. "ಗಂಧಿ ಕಡಿಮಿ ಆಗ್ಯಾವು" ಅಂದ್ರಲ್ಲ, ಅದೂ ಪೂರ್ತಿ ಖರೆ ಅಲ್ಲ. ಸ್ಟಿರಾಯ್ಡ್ ಅವನ್ನ ಒತ್ತಿ ಹಿಡಿದಿದೆ. ಬಿಟ್ಟ ಮೇಲೆ ಮತ್ತೆ ಏಳಬಹುದು.

ನೋವಿನ ಗುಳಿಗೆ ವಿಷಯ ಮಾತ್ರ ಮರೀಬೇಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಗಂಧೆ ಇರೋ ಕೆಲವರಿಗೆ ಬೆಂಕಿಗೆ ತುಪ್ಪ ಹಾಕಿದ ಹಾಗೆ. ಹಲ್ಲಿನ ಡಾಕ್ಟರಿಗೆ ಬಾಯಿ ತೆರೆಯೋ ಮುಂಚೆ ಇದನ್ನ ಹೇಳಿ. ನಾಲಿಗೆ ಬಾತ್ರೆ, ಉಸಿರು ಕಟ್ಟಿದ್ರೆ ಇಲ್ಲಿ ಬರೀತಾ ಕೂಡಬ್ಯಾಡ್ರಿ, ತುರ್ತು ವಿಭಾಗಕ್ಕೆ ಓಡ್ರಿ.

ಗೋಳಗುಮ್ಮಟ_ಕಾಕಾ
ನೋಡು, ಆ ವಾರ ರಿಪೋರ್ಟೂ ಸುಳ್ಳು, ಮೈನೂ ಸುಳ್ಳು. ಕಂಬಳಿ ಒಂದ ಖರೆ.

ಜಮಖಂಡಿ_ಅಕ್ಕೋರು
ಚೀಟಿ ಸಿಕ್ತು. ಪ್ರೆಡ್ನಿಸೊಲೊನ್ ಅಂತ ಐತಿ. ಸಿಟ್ಟು ಬರಾಕತ್ತೈತಿ, ಆದ್ರ ಆ ರಾತ್ರಿ ತುಟಿ ಬಾತಿದ್ದಾಗ ಅವ್ರ ಇದ್ರು, ಬ್ಯಾರೆ ಯಾರೂ ಇರಲಿಲ್ಲ. ಏನಂತ ಬೈಲಿ.

ರಬಕವಿ_ಮಗ್ಗ
ನೀವು ಪುಣ್ಯವಂತ್ರು, ನಾಕೈದು ಟೆಸ್ಟಿನ್ಯಾಗ ಮುಗದೈತಿ. ನನಗೊಬ್ರು 200 ಆಹಾರದ ಅಲರ್ಜಿ ಪ್ಯಾನೆಲ್ ಮಾಡಿಸಿದ್ರು. ಜ್ವಾಳ ಪಾಸಿಟಿವ್, ಶೇಂಗಾ ಪಾಸಿಟಿವ್, ಬದನಿಕಾಯಿ ಪಾಸಿಟಿವ್. ರಬಕವಿಯಾಗ ಹುಟ್ಟಿ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ ಬಿಟ್ರ ಮಠದಾಗೂ ಊಟ ಇಲ್ಲ. ಮೂರು ತಿಂಗಳು ಅನ್ನ ಮಜ್ಜಿಗಿ ಮ್ಯಾಲ ಬದಕೀನಿ, ಒಂಬತ್ತು ಕಿಲೊ ಇಳದೀನಿ, ಗಂಧಿ ಒಂದೂ ಇಳದಿಲ್ಲ. ಕಡೀಕ ಎಳ್ಳ ಅಮಾಸಿ ದಿನ ಹೊಲಕ್ಕ ಹೋಗಿ ಸಜ್ಜಿ ರೊಟ್ಟಿ, ಭರ್ತ, ಶೇಂಗಾ ಹೋಳಗಿ ಎಲ್ಲಾ ಹೊಡದೆ. ಏನೂ ಆಗಲಿಲ್ಲ.

ಚರ್ಮದ_ಪಿಜಿ
ದಿನಾ ತಾನೇ ಏಳೋ ಗಂಧೆಗೆ ಆ ದೊಡ್ಡ ಪ್ಯಾನೆಲ್ ಬೇಕಿಲ್ಲ. ರಕ್ತದಲ್ಲಿ ಪಾಸಿಟಿವ್ ಬಂದದ್ದಕ್ಕೆಲ್ಲ ಅಲರ್ಜಿ ಅಂತ ಅರ್ಥ ಅಲ್ಲ. ಅಂತರರಾಷ್ಟ್ರೀಯ ಮಾರ್ಗಸೂಚಿ ಮೊದಲಿಗೆ ಕೇಳೋದು ರಕ್ತಕಣಗಳ ಎಣಿಕೆ, ಇಎಸ್‌ಆರ್ ಅಥವಾ ಸಿಆರ್‌ಪಿ. ತಜ್ಞರ ಹತ್ತಿರ ಹೋದ ಮೇಲೆ ಒಟ್ಟು ಐಜಿಇ ಮತ್ತು ಆಂಟಿ-ಟಿಪಿಒ. ಬೇರೇದು ರೋಗದ ಕಥೆ ನೋಡಿ. ಗಂಧೆ ಒಂದೇ ಜಾಗದಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಂತು, ನೋವಾಗಿ, ಇಳಿದಾಗ ಕಪ್ಪು ಕಲೆ ಬಿಟ್ರೆ ಅದು ರಕ್ತನಾಳದ ಉರಿಯೂತ ಇರಬಹುದು. ಆಗ ಚರ್ಮದ ತುಂಡು ತೆಗೆದು ನೋಡಬೇಕಾಗ್ತದ.

ಬಿಸಿಲೂರ_ಬೈಕು
ನಂದು ಬ್ಯಾರೆ ನಮೂನಿ. ವಿಜಯಪುರದ ಏಪ್ರಿಲ್ ಬಿಸಲಾಗ ಬೈಕ್ ಹೊಡದು ಬೆವರು ಬಂತಂದ್ರ ಸಾಸವಿಕಾಳಿನಷ್ಟ ಗುಳ್ಳಿ, ಸೂಜಿ ಚುಚ್ಚಿದಂಗ. ಅರ್ಧ ತಾಸಿಗೆ ಮಾಯ. ನನ್ನ ರಕ್ತ ಎಲ್ಲಾ ನಾರ್ಮಲ್. ಡಾಕ್ಟರ್ ಮೆಟ್ಟಲ ಹತ್ತಿ ಇಳಿ ಅಂದ್ರು, ಅಲ್ಲೇ ಎದ್ವು, ಅದ ಪರೀಕ್ಷಾ. ಪೈಸಾ ಖರ್ಚಿಲ್ಲ.

ತಿಲಕವಾಡಿ_ತಾಯಿ
ಮತ್ತ ಆ ಐಜಿಇ 22, ಟಿಪಿಒ ಜಾಸ್ತಿ ಅಂದದ್ದಕ್ಕ ಯಾರೂ ಉತ್ತರಾ ಕೊಡಲಿಲ್ಲಲ್ಲ? ಮಗಳದೂ ಮಾಡಸಬೇಕಾಗೇತಿ. ಆಕಿ ಕೂದಲಕ್ಕ ಬಯೋಟಿನ್ ತಗೋತಾಳ, ನಡೀತೈತೇನು?

ಲ್ಯಾಬ್_ಹುಡುಗ_ಇಂಡಿ
ಬಯೋಟಿನ್ ಇದ್ರ ಕೆಲವು ಮಶಿನಿನಾಗ ಥೈರಾಯ್ಡ್ ರಿಪೋರ್ಟ್ ಎಡವಟ್ಟಾಗ್ತದ್ರಿ. ರಕ್ತ ಕೊಡೂ ಮುಂಚೆ ಎಷ್ಟು ದಿನ ಬಿಡಬೇಕು ಅಂತ ಲ್ಯಾಬಿನಾಗ ಹೇಳಿ ಕೇಳ್ರಿ.

ಚರ್ಮದ_ಪಿಜಿ
ಹೌದು, ಅದು ಉಳೀತು. ನನ್ನ ಲೆಕ್ಕದಲ್ಲಿ ಅಕ್ಕಾರ ರಿಪೋರ್ಟಿನಲ್ಲಿ ಮಾತಾಡೋ ಅಂಕಿ ಅವೆರಡೇ. ಐಜಿಇ ಕಡಿಮೆ, ಆಂಟಿ-ಟಿಪಿಒ ಹೆಚ್ಚು ಅಂದ್ರೆ ದೇಹ ತನ್ನ ಮಾಸ್ಟ್ ಕೋಶಗಳ ಮೇಲೆ ತಾನೇ ಐಜಿಜಿ ಪ್ರತಿಕಾಯ ಬಿಡೋ ಜಾತಿ ಇರಬಹುದು. ಗುಳಿಗೆಗೆ ಬಗ್ಗದೆ ನಾಳೆ ಓಮಲಿಜುಮ್ಯಾಬ್ ಇಂಜೆಕ್ಷನ್ ಮಾತು ಬಂದ್ರೆ, ಇಂಥವರಿಗೆ ಅದು ತಡವಾಗಿ ಹತ್ತಬಹುದು, ಕೆಲವರಿಗೆ ಹತ್ತದೇ ಇರಬಹುದು. ಐಜಿಇ ಹೆಚ್ಚಿದ್ದವರಿಗೆ ಸಾಮಾನ್ಯವಾಗಿ ಬೇಗ ಹತ್ತತದ. ರಕ್ತ ಹೇಳೋದು ರೋಗ ಯಾವ ಮನೆತನದ್ದು ಅಂತ. ಎಷ್ಟು ಜೋರದೆ ಅಂತ ಹೇಳೋಕೆ ಪಟ್ಟಿ ಬೇಕು.

ಪಟ್ಟಿ ಹಿಂಗ: ದಿನಾ ಒಂದೇ ಹೊತ್ತಿಗೆ ಹಿಂದಿನ 24 ತಾಸು ನೆನೆಸಿ ಎರಡು ಅಂಕಿ ಬರೀರಿ. ಗಂಧೆ ಇಲ್ಲ ಅಂದ್ರೆ 0, ಇಪ್ಪತ್ತಕ್ಕಿಂತ ಕಡಿಮೆ 1, ಐವತ್ತರತನಕ 2, ಅದಕ್ಕೂ ಮೇಲೆ ಅಥವಾ ಒಂದಕ್ಕೊಂದು ಕೂಡಿ ದೊಡ್ಡ ಚಕ್ಕಳ ಆದ್ರೆ 3. ತಿಂಡಿಗೂ (ಮೈಸೂರು ಅಣ್ಣಾ, ತುರಿಕೆ!) ಹಂಗೇ: ಇಲ್ಲ 0, ಸ್ವಲ್ಪ 1, ತ್ರಾಸ ಕೊಡ್ತದ ಆದ್ರೆ ಕೆಲಸ ನಡೀತದ 2, ನಿದ್ದೆ ಕೆಲಸ ಎರಡೂ ಕೆಡಸ್ತದ 3. ಏಳು ದಿನ ಕೂಡಿಸಿ, ಒಟ್ಟು 42ಕ್ಕೆ ಎಷ್ಟು ಅಂತ ನೋಡಿ. 6ರ ಒಳಗೆ ಹಿಡಿತದಾಗ ಇದೆ, 16ರಿಂದ 27 ಮಧ್ಯಮ, 28 ಅಥವಾ ಅದಕ್ಕೂ ಮೇಲೆ ಅಂದ್ರೆ ತೀವ್ರ. ಯುಎಎಸ್7 ಅಂತಾರೆ. ಎದ್ದಾಗ ಮೊಬೈಲಿನಲ್ಲಿ ಫೋಟೋನೂ ತೆಗೀರಿ.

ರಬಕವಿ_ಮಗ್ಗ
ಸೀರಿ ಎಣಿಸೂದು ಅಂದ್ನಲ್ಲ ನಾನು.

ಸಿಂದಗಿ_ಸಾವ್ಕಾರ
ಐವತ್ತರತನಕ ಎಣಿಸ್ಕೋತ ಕುಂದ್ರಬೇಕಾ? ಮನಿಯಾಕಿಗೆ ಹೇಳಿದ್ರ ಬೆನ್ನಿನ್ವು ನೀನ ಎಣಸು ಅಂದ್ಲು. ನಿನ್ನೆ ರಾತ್ರಿಯಿಂದ ನಂದ ಡ್ಯೂಟಿ.

ಜಮಖಂಡಿ_ಅಕ್ಕೋರು
ಹತ್ತು ದಿನ ಆತು, ಏನಾತು ಅಂತ ಬರೀತೇನಿ. ಪಿಜಿ ಡಾಕ್ಟರ್ ಅಂದಂಗ ಬಿಳೀ ಗುಳಿಗಿ ಮುಗದ ಮೂರನೇ ದಿನಕ್ಕ ಗಂಧಿ ಮತ್ತ ಎದ್ವು. ಸೋಮವಾರದ ನಂಬರ್ ಮುಂದ ಹಾಕಿಸಿಕೊಂಡು ಏಳು ದಿನ ಪೂರ್ತಿ ಬರದೆ, ಹಾಜರಿ ಪುಸ್ತಕದಂಗ ಗೆರಿ ಹೊಡದು. ಒಟ್ಟು 19. ಡಾಕ್ಟರ್ ಮೊದಲು ಪಟ್ಟಿ ನೋಡಿದ್ರು, ಆಮ್ಯಾಲ ಫೋಟೋ, ರಿಪೋರ್ಟ್ ಕಡೀಕ. ಡಿ-ಡೈಮರ್ ಮ್ಯಾಲ ಬಟ್ಟು ಸುದ್ದಾ ಇಡಲಿಲ್ಲ, ಟಿಪಿಒ ಮಾತ್ರ ಗೆರಿ ಎಳದು ಥೈರಾಯ್ಡ್ ಪೂರ್ತಿ ನೋಡೂನು ಅಂದ್ರು. ತೂಕಡಿಕಿ ಬರದ ಗುಳಿಗಿ ದಿನಕ್ಕೊಂದಿತ್ತು, ಈಗ ಎರಡು. ಬೇಕಾದ್ರ ನಾಕರತನಾ ಏರಸೂನು, ಅದಕ್ಕೂ ಬಗ್ಗದಿದ್ರ ಇಂಜೆಕ್ಷನ್ ಮಾತು ಅಂದಾರ. ಸ್ಟಿರಾಯ್ಡ್ ಪದೇ ಪದೇ ಬ್ಯಾಡ ಅಂತ ಕೈ ಮುಗದು ಹೇಳಿದ್ರು.

ಹಲ್ಲು ಕಿತ್ತಿಸಿದೆ. ಸಿಆರ್‌ಪಿ 3ಕ್ಕ ಇಳದೈತಿ. ಇನ್ನೊಬ್ರು ಸಿಆರ್‌ಪಿ ನಾಳೆ ಮುಂಜಾನೆ ಹತ್ತಕ್ಕ ಸಾಲಿಗೆ ಬರ್ತಾರಂತ.

ಗೋಳಗುಮ್ಮಟ_ಕಾಕಾ
ಕಂಬಳಿ ಕೊಟ್ಟು ಕಳಸ್ಲೇನವ್ವ?

ಜಮಖಂಡಿ_ಅಕ್ಕೋರು
ಯಾರಿಗ್ರಿ ಕಾಕಾ, ನನಗೋ ಅವ್ರಿಗೋ?